ಗುಳಿಗೆಯ ಮಾತನ್ನು ಗೋಡೆಗೆ ಬರೆದದ್ದು

ನಾನು ಗೋಡೆಯ ಮೇಲೆ ಅಕ್ಷರ ಬರೆದು ಬದುಕುವವನು. ಮನೆ ಹುನಗುಂದದಲ್ಲಿ. ಫ್ಲೆಕ್ಸ್ ಬಂದ ಮೇಲೆ ಅಂಗಡಿ ಬೋರ್ಡುಗಳ ಕೆಲಸ ಮುಗಿದೇ ಹೋಯಿತು. ಉಳಿದದ್ದು ಸರಕಾರಿ ಗೋಡೆ ಬರಹ ಮಾತ್ರ. ಶೌಚಾಲಯ ಕಟ್ಟಿಸಿರಿ, ಮಗುವಿಗೆ ಲಸಿಕೆ ಹಾಕಿಸಿರಿ, ನೀರು ಕಾಯಿಸಿ ಕುಡಿಯಿರಿ. ಇಪ್ಪತ್ತೈದು ವರ್ಷದಿಂದ ಇದನ್ನೇ ಬರೆಯುತ್ತ ಬಂದಿದ್ದೇನೆ. ಅಕ್ಷರ ದುಂಡಗಿರಬೇಕು, ಸಾಲು ಓರೆಯಾಗಬಾರದು, ಬಸ್ಸಿನಲ್ಲಿ ಕೂತವರಿಗೂ ಕಾಣಬೇಕು. ಇಷ್ಟೇ ನನ್ನ ಚಿಂತೆ. ಬರೆದದ್ದರ ಅರ್ಥ ಏನು, ಅದು ಓದಿದವರಿಗೆ ತಿಳಿಯುತ್ತದೆಯೇ ಎನ್ನುವುದು ನನ್ನ ಕೆಲಸ ಎಂದು ಯಾವತ್ತೂ ಅನಿಸಿರಲಿಲ್ಲ.

ಎರಡು ವರ್ಷದ ಹಿಂದೆ ಬಾಗಲಕೋಟೆಯ ಕಚೇರಿಯೊಂದರಿಂದ ಕರೆ ಬಂತು. ಹೋದೆ. ಅಲ್ಲಿನ ಸಾಹೇಬರು ಒಂದು ಹಾಳೆ ಕೊಟ್ಟರು. ಯಾವ ಯಾವ ಊರಿನಲ್ಲಿ ಯಾವ ಗೋಡೆ, ಎಷ್ಟು ಅಗಲ, ಯಾವ ಬಣ್ಣ ಎಲ್ಲ ಅದರಲ್ಲಿತ್ತು. ಕೆಳಗೆ ಬರೆಯಬೇಕಾದ ಮಾತು: "ಪ್ರತಿಜೀವಕ ನಿರೋಧಕತೆಯನ್ನು ತಡೆಗಟ್ಟೋಣ. ಪ್ರತಿಜೀವಕಗಳ ವಿವೇಚನಾಯುಕ್ತ ಬಳಕೆಯನ್ನು ಉತ್ತೇಜಿಸೋಣ."

ನನಗೆ ಮೊದಲು ಕಂಡದ್ದು ಶಬ್ದಗಳ ಉದ್ದ. 'ವಿವೇಚನಾಯುಕ್ತ' ಎನ್ನುವುದನ್ನು ಆರಡಿ ಗೋಡೆಯಲ್ಲಿ ಹಿಡಿಸುವುದು ಹೇಗೆ ಎಂದು ಲೆಕ್ಕ ಹಾಕುತ್ತ ಹಾಳೆ ಮಡಚಿ ಜೇಬಿಗಿಟ್ಟುಕೊಂಡೆ. ಪ್ರತಿಜೀವಕ ಎಂದರೇನು ಎಂದು ಕೇಳಲಿಲ್ಲ. ಕೇಳಿದರೆ ಇವನಿಗೆ ಇಷ್ಟೂ ಗೊತ್ತಿಲ್ಲವೇ ಎಂದುಕೊಂಡಾರು ಎಂಬ ಸಂಕೋಚ ಬೇರೆ.

ಮೊದಲ ಗೋಡೆ ಶಿರೂರಿನಲ್ಲಿ. ಬಸ್ ನಿಲ್ಲುವ ಜಾಗದ ಹತ್ತಿರ, ಎದುರಿಗೆ ಕಟ್ಟೆ, ಕಟ್ಟೆಯ ಮೇಲೆ ಐದಾರು ಜನ. ಸುಣ್ಣ ಒಣಗಿದ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ನೀಲಿ ಬಣ್ಣದಲ್ಲಿ ಬರೆಯತೊಡಗಿದೆ. 'ಪ್ರತಿಜೀವಕ' ಮುಗಿಸಿ 'ನಿರೋಧ'ದವರೆಗೆ ಬಂದಿದ್ದೆ, ಹಿಂದಿನಿಂದ ನಗು ಕೇಳಿತು.

"ಈ ವಯಸ್ಸಿನ್ಯಾಗ ನಮಗ್ಯಾಕ ಬೇಕ್ರಿ ಇದು? ಕಾಲೇಜ್ ಮುಂದ ಬರೀರಿ ಹೋಗ್ರಿ," ಎಂದ ಒಬ್ಬ ಮುದುಕ.

"ಏನಂತ ತಿಳಕೊಂಡ್ರಿ ಅಜ್ಜಾರ?" ಎಂದೆ.

"ನಿರೋಧ ಅಂದ್ರ ಗೊತ್ತಿಲ್ಲೇನ್ರಿ ನಮಗ? ಕುಟುಂಬ ಯೋಜನೆದ್ದು. ಹಿಂದಕ ನರ್ಸಮ್ಮಾರು ಮನಿಮನಿಗಿ ಹಂಚತಿದ್ರು."

ಕೊಡ ಹೊತ್ತು ಹೋಗುತ್ತಿದ್ದ ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಿಡಿದು ಬೇಗ ಬೇಗ ದಾಟಿಹೋದರು. ನಾನು ಅವಸರದಲ್ಲಿ 'ಕತೆಯನ್ನು' ಎಂದು ಮುಂದುವರಿಸಿ, "ಅದಲ್ರಿ, ಇದು ಬ್ಯಾರೆ," ಎಂದೆ. ಬೇರೆ ಎಂದರೆ ಏನು ಎಂದು ಅವರು ಕೇಳಿದರೆ ಹೇಳಲು ನನ್ನಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಅದೇ ಕಟ್ಟೆಯ ತುದಿಯಲ್ಲಿ ಕೂತಿದ್ದ ನಿವೃತ್ತ ಮಾಸ್ತರರೊಬ್ಬರು ಎದ್ದು ಬಂದರು. ಕನ್ನಡಕ ಏರಿಸಿ ಇಡೀ ಸಾಲು ಓದಿದರು.

"ಪೇಂಟರ್, ಕೊರೊನಾ ಟೈಮಿನ್ಯಾಗ ಇದೇ ಗ್ವಾಡಿ ಮ್ಯಾಲ 'ರೋಗ ನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ' ಅಂತ ಬರದವರು ನೀವs ಹೌದಿಲ್ಲೊ?"

"ಹೌದ್ರಿ."

"ಈಗ ನಿರೋಧಕತೆ ತಡೀರಿ ಅಂತೀರಿ. ಹೆಚ್ಚ ಮಾಡ್ಕೋಬೇಕೊ, ತಡೀಬೇಕೊ? ಒಂದು ಹೇಳ್ರಿ."

ನಾನು ಹಾಳೆ ತೋರಿಸಿದೆ. ಅವರು ಅದನ್ನೂ ಓದಿ, ತಲೆ ಅಲ್ಲಾಡಿಸಿ, ವಾಪಸು ಕೊಟ್ಟರು.

ಮರುದಿನ ಕಚೇರಿಗೆ ಹೋಗಿ ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. ಅವರು ನಕ್ಕರು. ಆಮೇಲೆ ಗಂಭೀರವಾಗಿ, "ನೋಡ್ರಿ, ಇದು ಮ್ಯಾಲಿಂದ ಮಂಜೂರಾಗಿ ಬಂದಿದ್ದು. ಒಂದು ಕೊಂಬು, ಒಂದು ದೀರ್ಘ ಸೈತ ಬದಲಿ ಮಾಡೂ ಹಂಗಿಲ್ಲ. ಬರದು ಫೋಟೋ ಹಾಕ್ರಿ," ಎಂದರು.

"ಓದಿದವರಿಗೆ ತಿಳೀಲಿಲ್ಲಂದ್ರ ಬರದು ಏನ್ ಉಪಯೋಗರಿ?"

"ತಿಳಿಸೋದು ಬ್ಯಾರೆ ಸೆಕ್ಷನ್. ನಮ್ಮದು ಬರಸೋದು."

ಬಾದಾಮಿ ಕಡೆಯ ಆರು ಊರು, ಬಾಗಲಕೋಟೆ ಕಡೆಯ ನಾಲ್ಕು ಊರು ಬರೆದು ಮುಗಿಸಿದೆ. ಪ್ರತಿ ಊರಿನಲ್ಲೂ ಯಾರಾದರೂ ಒಬ್ಬರು ಅದೇ ನಗೆ ನಕ್ಕರು. ನನಗೂ ಉತ್ತರ ಕೊಟ್ಟು ಸಾಕಾಗಿ, ಕೊನೆಕೊನೆಗೆ ಕಿವಿ ಕೇಳದವನ ಹಾಗೆ ಬರೆಯುತ್ತಿದ್ದೆ.

ಹಾಳೆಯಲ್ಲಿದ್ದ ಇನ್ನಷ್ಟು ಊರುಗಳು ಬಾಕಿ ಇರುವಾಗಲೇ ಇಳಕಲ್‌ನಿಂದ ಅಕ್ಕನ ಗಂಡ, ನಮ್ಮ ಮಾವ, ಫೋನ್ ಮಾಡಿದರು. "ನಿಮ್ಮಕ್ಕಗ ಆರಾಮಿಲ್ಲ. ನಾ ಹೇಳಿದ್ರ ಕೇಳವಲ್ಲಳು. ನೀ ಬಾ," ಎಂದರು.

ನನ್ನ ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಗಂಡ ಹೆಂಡತಿ ಇಬ್ಬರೂ ಮನೆಯಲ್ಲೇ ಸೀರೆ ನೇಯುತ್ತಾರೆ. ನೆಲದಲ್ಲಿ ಕುಣಿ ತೋಡಿ ಕೂಡಿಸಿದ ಮಗ್ಗ. ಕಾಲು ಇಳಿಬಿಟ್ಟು ಕೂತರೆ ನಡುವೆ ಏಳುವುದು ಅಕ್ಕನಿಗೆ ಆಗದ ಮಾತು. ಪದೇ ಪದೇ ಏಳಬಾರದು ಎಂದು ನೀರನ್ನೇ ಕುಡಿಯುತ್ತಿರಲಿಲ್ಲ. ಹೀಗಾಗಿ ವರ್ಷಕ್ಕೆ ಮೂರು ನಾಲ್ಕು ಸಲ ಉರಿಮೂತ್ರ. ಉರಿ ಶುರುವಾದ ದಿನ ಓಣಿಯ ತಿರುವಿನ ಮೆಡಿಕಲ್ ಅಂಗಡಿಗೆ ಹೋಗಿ, "ಹ್ವಾದ ಸಲ ಕೊಟ್ಟಿದ್ದ ಪಾವರ್ ಗುಳಿಗಿ ಕೊಡಪಾ," ಎನ್ನುತ್ತಿದ್ದಳು. ಆಂಟಿಬಯೋಟಿಕ್ ಗುಳಿಗೆಗೆ ನಮ್ಮ ಕಡೆ ಅದೇ ಹೆಸರು. ಅವನು ಚೀಟಿ ಕೇಳುತ್ತಿರಲಿಲ್ಲ, ಇವಳು ಕೊಡುತ್ತಿರಲಿಲ್ಲ. ಎರಡು ದಿನ ನುಂಗಿದರೆ ಉರಿ ಇಳಿಯುತ್ತಿತ್ತು. ಉಳಿದ ಗುಳಿಗೆ ಒಂದು ಪ್ಲಾಸ್ಟಿಕ್ ಡಬ್ಬಿಗೆ.

ಆ ಡಬ್ಬಿಯ ವಿಷಯದಲ್ಲಿ ನಾನು ಸಾಚಾ ಅಲ್ಲ. ಎಣ್ಣೆ ಬಣ್ಣದ ವಾಸನೆಗೆ ನನಗೆ ಗಂಟಲು ಕೆಡುವುದು ಸಾಮಾನ್ಯ. ಇಳಕಲ್‌ಗೆ ಹೋದಾಗೆಲ್ಲ ಅಕ್ಕ ಡಬ್ಬಿ ತೆಗೆದು ಎರಡು ಗುಳಿಗೆ ಅಂಗೈಗೆ ಹಾಕುತ್ತಿದ್ದಳು. ಚಹಾದ ಜೊತೆ ನುಂಗುತ್ತಿದ್ದೆ. ಗಂಟಲು ಅದರಿಂದ ವಾಸಿಯಾಯಿತೋ ತಾನಾಗಿ ವಾಸಿಯಾಯಿತೋ ಕೇಳುವವರಾರು? ಅತ್ತ ಗೋಡೆಗೆ ಒಂದು ಬರೆಯುತ್ತಿದ್ದೆ, ಇತ್ತ ಇದನ್ನೇ ಮಾಡುತ್ತಿದ್ದೆ. ಎರಡಕ್ಕೂ ಸಂಬಂಧ ಇದೆ ಎಂಬುದೇ ತಲೆಗೆ ಹೊಳೆದಿರಲಿಲ್ಲ.

ನಾನು ಹೋದಾಗ ಅಕ್ಕ ಬೇಸಿಗೆಯ ಬಿಸಿಲಲ್ಲಿ ಕೌದಿ ಹೊದ್ದು ನಡುಗುತ್ತಿದ್ದಳು. ಸೊಂಟದ ಮೇಲೆ ಒಂದು ಕಡೆ ತಡೆಯಲಾರದ ನೋವು.

"ಎಷ್ಟ ದಿನಾ ಆತು?"

"ನಾಕ ದಿನಾ ಆತು ತಮ್ಮಾ. ಡಬ್ಬಿಯೊಳಗಿನ ಗುಳಿಗಿ ಎಲ್ಲಾ ತರದ್ದೂ ತಗೊಂಡೆ. ಈ ಸಲ ಯಾವುದೂ ಹತ್ತವಲ್ದು. ನನ್ನ ಮೈಗೆ ಗುಳಿಗಿ ರೂಢಿ ಆಗಿಬಿಟ್ಟೇತಿ."

"ಎಲ್ಲಾ ತರದ್ದಂದ್ರ?"

"ಬಿಳೇದು, ಕೆಂಪು-ಹಳದಿ ಕ್ಯಾಪ್ಸೂಲು, ನಿಮ್ಮ ಮಾವಗ ಹಲ್ಲಿಗಿ ಕೊಟ್ಟಿದ್ದು. ಒಂದೊಂದು."

ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು. ಊರಿನ ಡಾಕ್ಟರು ನೋಡಿ, ಕೂಡಲೇ ಬಾಗಲಕೋಟೆಗೆ ಕರೆದೊಯ್ಯಲು ಹೇಳಿದರು. ಅಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಸೇರಿಸಿಕೊಂಡು, ಉಚ್ಚೆ ಪರೀಕ್ಷೆಗೆ ಕಳಿಸಿ, ಸಲಾಯಿನ್ ಹಚ್ಚಿದರು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಪರೀಕ್ಷೆಯ ಫಲಿತಾಂಶ ಬರಲು ಮೂರು ದಿನ ಬೇಕು ಎಂದರು. ಆ ಮೂರು ದಿನ ಜ್ವರ ಇಳಿಯಲಿಲ್ಲ. ಅಕ್ಕ ಒಮ್ಮೊಮ್ಮೆ ನನ್ನನ್ನೇ ಗುರುತು ಹಿಡಿಯದೆ, "ಮಗ್ಗದ ಮ್ಯಾಲ ಯಾರ ಕುಂತಾರ, ನೂಲು ಹರದೀತು ನೋಡು," ಎನ್ನುತ್ತಿದ್ದಳು. ಅಕ್ಕನ ಗಂಡ ವರಾಂಡದಲ್ಲಿ ಗೋಡೆಗೆ ಒರಗಿ ಕೂತವರು ಊಟಕ್ಕೂ ಏಳಲಿಲ್ಲ. ವಿದ್ಯಾಗಿರಿಯಲ್ಲಿರುವ ನನ್ನ ಗೆಳೆಯನ ಮನೆಯಿಂದ ರೊಟ್ಟಿ ತಂದು ಒತ್ತಾಯ ಮಾಡಿ ತಿನ್ನಿಸಬೇಕಾಯಿತು. ನನಗಂತೂ ಸಿಟ್ಟು, ಹೆದರಿಕೆ ಎರಡೂ ಬೆರೆತು ಯಾರ ಮೇಲೆ ಹರಿಹಾಯಬೇಕೋ ತಿಳಿಯಲಿಲ್ಲ.

ನಾಲ್ಕನೆಯ ದಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಹಾಳೆ ಹಿಡಿದು ಬಂದರು. ಒಂದರ ಕೆಳಗೊಂದು ಔಷಧದ ಹೆಸರು, ಪ್ರತಿಯೊಂದರ ಮುಂದೆ ಇಂಗ್ಲಿಷಿನ ಒಂದೊಂದು ಅಕ್ಷರ. ಬಹುತೇಕ ಎಲ್ಲದರ ಮುಂದೆ 'ಆರ್'. ಕೆಳಗೆ ಎರಡರ ಮುಂದೆ ಮಾತ್ರ 'ಎಸ್'.

"ಆರ್ ಇದ್ದದ್ದು ಇವರಿಗೆ ಕೆಲಸ ಮಾಡಂಗಿಲ್ಲ. ಈ ಎರಡು ಮಾಡ್ತಾವ. ಎರಡೂ ಇಂಜೆಕ್ಷನ್ನs. ಗುಳಿಗಿ ಬರಂಗಿಲ್ಲ," ಎಂದರು.

"ಅಕ್ಕನ ಮೈಗೆ ಗುಳಿಗಿ ರೂಢಿ ಆಗೇತೇನ್ರಿ?" ಎಂದೆ.

ಅವರು ಹಾಳೆ ಕೆಳಗಿಳಿಸಿ ನನ್ನ ಮುಖ ನೋಡಿದರು. ಈ ಪ್ರಶ್ನೆಯನ್ನು ಅವರು ಎಷ್ಟು ಸಲ ಕೇಳಿಸಿಕೊಂಡಿದ್ದರೋ. ದಣಿವು ಮುಖದಲ್ಲೇ ಕಾಣುತ್ತಿತ್ತು.

"ಮೈಗೆ ಏನೂ ರೂಢಿ ಆಗಿಲ್ರಿ. ರೂಢಿ ಆಗಿದ್ದು ಕ್ರಿಮಿಗೆ. ಗುಳಿಗಿ ತಗೊಂಡಾಗ ಅದಕ್ಕ ಬಗ್ಗೂ ಕ್ರಿಮಿ ಸಾಯ್ತಾವ, ಬಗ್ಗದಿದ್ದವು ಉಳೀತಾವ. ಬೇಕಿಲ್ಲದಾಗ ತಗೊಂಡ್ರ, ಯಾವುದೋ ಗುಳಿಗಿ ಎರಡು ದಿನಾ ನುಂಗಿ ಬಿಟ್ರ, ಹಂತಾ ಬಗ್ಗದ ಕ್ರಿಮಿನs ಬೆಳದು ಹೆಚ್ಚಾಗ್ತಾವ. ನಿಮ್ಮ ಅಕ್ಕಾರಷ್ಟs ಅಲ್ಲ, ಅವು ಮನ್ಯಾಗಿನ ಬ್ಯಾರೆಯವರಿಗೂ ಹೋಗಬಹುದು. ಅವರು ಒಂದೂ ಗುಳಿಗಿ ತಗೊಂಡಿರಲಿಕ್ಕಿಲ್ಲ, ಆದ್ರೂ ಅವರಿಗೂ ಆ ಗುಳಿಗಿ ಕೆಲಸ ಮಾಡಂಗಿಲ್ಲ."

"ಇದಕ್ಕ ಏನಂತಾರ್ರಿ?"

"ಆಂಟಿಬಯೋಟಿಕ್ ರೆಸಿಸ್ಟೆನ್ಸ್. ಕನ್ನಡದಾಗ ಏನೋ ದೊಡ್ಡ ಹೆಸರೈತಿ. ನನಗೂ ನೆನಪಿಗೆ ಬರವಲ್ದು."

ನನಗೆ ನೆನಪಿತ್ತು. ಹತ್ತು ಊರಿನಲ್ಲಿ ನನ್ನ ಕೈಯಿಂದಲೇ ಬರೆದಿದ್ದೆ.

ಹೊಸ ಇಂಜೆಕ್ಷನ್ ಶುರುವಾದ ಮೂರನೆಯ ದಿನ ಅಕ್ಕ ಎದ್ದು ಕೂತಳು. ಜಡೆ ಬಿಚ್ಚಿ ಬಾಚಿಕೊಂಡಳು. ಬಾಚಣಿಗೆ ಕೆಳಗಿಟ್ಟವಳೇ, "ನನಗ ಆರಾಮಾತು, ನಡಿ ಮನಿಗಿ," ಎಂದಳು. ಡಾಕ್ಟರಮ್ಮ ಇನ್ನೂ ಏಳು ದಿನ ಹೇಳಿದ್ದರು.

ಅಲ್ಲಿ ನನ್ನ ತಾಳ್ಮೆ ತಪ್ಪಿತು. "ಇದs ಆರಾಮಾತು ಆರಾಮಾತು ಅಂದು ಇಲ್ಲಿಗಿ ಬಂದು ಬಿದ್ದೀದಿ! ಇನ್ನೊಮ್ಮೆ ಆ ಮಾತ ಆಡಿದ್ರ ನೋಡು!" ಎಂದು ಕೂಗಿದೆ. ಅಕ್ಕಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು. ನಾನು ಅಕ್ಕನಿಗೆ ಎದುರು ಮಾತಾಡಿದ್ದೇ ಅಪರೂಪ. ಅವಳು ಅಳಲಿಲ್ಲ. ಮೆಲ್ಲಗೆ ಹೇಳಿದಳು:

"ನೀ ಒಂದಿನ ಮಗ್ಗದಾಗ ಕುಂತು ನೋಡು. ದವಾಖಾನಿಗಿ ಹ್ವಾದ್ರ ಮುಂಜಾನೆ ಹೋದಾಕಿ ಸಂಜಿಕ ಬರಬೇಕು. ಗಂಡು ಡಾಕ್ಟರಿಗಿ ಅದನ್ನ ಹೇಳೂದು ಹೆಂಗ? ಮೆಡಿಕಲ್‌ನವ ಏನೂ ಕೇಳದ ಐದು ಮಿನಿಟಿನ್ಯಾಗ ಕೊಟ್ಟು ಕಳಸ್ತಾನ. ನನಗ ಯಾರರೆ ಹಿಂಗ ಅಂತ ಹೇಳಿದ್ರೇನು? ನೀನೂ ಹೇಳಲಿಲ್ಲ. ನೀನೂ ಡಬ್ಬಿಗಿ ಕೈ ಹಾಕ್ತಿದ್ದಿ."

ಹೊರಗೆ ಹೋಗಿ ಅವಳಿಗೆ ಎಳನೀರು ತಂದುಕೊಟ್ಟೆ. ಪೂರಾ ಏಳು ದಿನ ಮುಗಿಸಿಕೊಂಡೇ ಇಳಕಲ್‌ಗೆ ಹೋದೆವು. ಮನೆಗೆ ಬಂದ ದಿನವೇ ಡಾಕ್ಟರಮ್ಮ ಹೇಳಿದಂತೆ ಡಬ್ಬಿಯಲ್ಲಿ ಉಳಿದದ್ದನ್ನು ತೆಗೆದುಕೊಂಡು ಹೋಗಿ ಊರಿನ ಆಸ್ಪತ್ರೆಗೆ ಒಪ್ಪಿಸಿದೆ. ಡಬ್ಬಿ ಖಾಲಿ ಮಾಡುವಾಗ ಅಕ್ಕ ನೋಡುತ್ತ ಕೂತಿದ್ದಳು, ಬಂಗಾರ ಕೊಟ್ಟು ಬಂದವರ ಹಾಗೆ ಮುಖ ಮಾಡಿಕೊಂಡು.

ಉಳಿದ ಗೋಡೆಗಳಲ್ಲಿ ಮುಂದಿನದು ಐಹೊಳೆ. ಹಾಳೆಯಲ್ಲಿದ್ದ ಮಾತನ್ನು ಬರೆದು ಫೋಟೋ ಕಳಿಸಿದೆ. ಕಚೇರಿಯಿಂದ ಸರಿ ಎಂದು ಸಂದೇಶ ಬಂತು. ಬಣ್ಣದ ಡಬ್ಬಿ ಮುಚ್ಚಿ ಹೊರಡಬೇಕಿತ್ತು. ಹೊರಡಲು ಮನಸ್ಸಾಗಲಿಲ್ಲ. ಸುಣ್ಣ ಕಲಸಿ, ಬರೆದದ್ದರ ಮೇಲೆಯೇ ಎರಡು ಕೈ ಬಳಿದೆ. ಮರುದಿನ ಬಂದು ನನ್ನ ಮಾತಿನಲ್ಲೇ ಬರೆದೆ: "ಡಾಕ್ಟರು ಕೊಟ್ಟ ಪಾವರ್ ಗುಳಿಗಿ ಅರ್ಧಕ್ಕ ಬಿಡಬ್ಯಾಡ್ರಿ. ಅರ್ಧಕ್ಕ ಬಿಟ್ರ ಕ್ರಿಮಿ ಗಟ್ಟಿ ಆಗ್ತಾವ. ಮುಂದ ಯಾವ ಗುಳಿಗಿಗೂ ಸಾಯಂಗಿಲ್ಲ."

ಜನ ನಿಂತು ಓದಿದರು. ಯಾರೂ ನಗಲಿಲ್ಲ. "ಹೌದೇನ್ರಿ ಖರೆ?" ಎಂದು ಇಬ್ಬರು ಕೇಳಿದರು. ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಇಷ್ಟು ವರ್ಷದಲ್ಲಿ ಮೊದಲ ಸಲ ನಾನು ಬರೆದದ್ದು ಯಾರಿಗೋ ಮುಟ್ಟಿತು ಎನಿಸಿ, ಹುನಗುಂದದವರೆಗೆ ಗಾಡಿಯ ಮೇಲೆ ಹಾಡು ಗುನುಗುತ್ತ ಬಂದೆ.

ಆ ಖುಷಿ ಹದಿನೈದು ದಿನ ಬಾಳಿತು. ಬೇರೆ ಕೆಲಸಕ್ಕೆ ಮತ್ತೆ ಐಹೊಳೆಗೆ ಹೋದಾಗ, ಅಲ್ಲಿನ ಗುಡಿಗಳನ್ನು ಪ್ರವಾಸಿಗರಿಗೆ ತೋರಿಸುವ ಗೈಡ್ ಒಬ್ಬರು ನನ್ನನ್ನು ಗುರುತು ಹಿಡಿದು ಓಡಿಬಂದರು. ಕೈ ಹಿಡಿದುಕೊಂಡು, "ನೀವು ಬರದದ್ದು ಭಾಳ ಚಲೋ ಆತು ನೋಡ್ರಿ. ನಾ ತಪ್ಪ ಮಾಡಿದ್ನಿ. ನಿಮ್ಮ ಬರಹ ಓದಿ ತಿದ್ದಿಕೊಂಡೆ," ಎಂದರು.

"ಏನ್ ತಪ್ಪರಿ?"

"ಹ್ವಾದ ವರ್ಷ ಕಾಲಿಗಿ ಗಾಯ ಆದಾಗ ಡಾಕ್ಟರು ಕೊಟ್ಟಿದ್ದ ಪಾವರ್ ಗುಳಿಗಿ ಅರ್ಧಕ್ಕ ಬಿಟ್ಟಿದ್ನಿ. ಮನ್ಯಾಗ ಹಂಗs ಇದ್ದು. ನಿಮ್ಮ ಗ್ವಾಡಿ ಓದಿ ಮೊನ್ನೆ ಹುಡಿಕಿ ತಗದು ಎಲ್ಲಾ ಮುಗಿಸಿಬಿಟ್ಟೆ."

"ಮೊನ್ನೆ ಏನಾಗಿತ್ರಿ ನಿಮಗ?"

"ಏನೂ ಆಗಿದ್ದಿಲ್ಲ. ಅರ್ಧಕ್ಕ ಬಿಡಬ್ಯಾಡ್ರಿ ಅಂದೀರಲ್ಲ, ಅದಕ್ಕ."

ನಾನು ಅಲ್ಲೇ ಕಲ್ಲಿನ ಮೇಲೆ ಕೂತೆ. ಅವರು ದಡ್ಡರಲ್ಲ. ಮೂರು ಭಾಷೆಯಲ್ಲಿ ಶಿಲ್ಪಗಳ ಬಗ್ಗೆ ಹೇಳಬಲ್ಲವರು. ನಾನು ಬರೆದದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದ್ದರು. ಸಿಟ್ಟು ಮಾಡಬೇಕಾದರೆ ನನ್ನ ಮೇಲೆಯೇ ಮಾಡಿಕೊಳ್ಳಬೇಕು. ಮೇಲಿನವರ ಮಾತು ಯಾರಿಗೂ ತಿಳಿಯಲಿಲ್ಲ. ನನ್ನ ಮಾತು ತಿಳಿದೂ ಕೆಟ್ಟಿತು. ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ಒಂದು ತಾಸು ಹೋಯಿತು. ಪಾಪ, ಅವರು ಹೊಟ್ಟೆ ಹಿಡಿದುಕೊಂಡು, "ಅದಕ್ಕs ಎರಡು ದಿನಾ ಹೊಟ್ಟಿ ಕಡೀತು," ಎಂದರು.

ಗೋಡೆಗೆ ಇನ್ನೂ ಮೂರು ಸಾಲು ಸೇರಿಸಿದೆ. "ಡಾಕ್ಟರನ್ನ ಕೇಳದ ತಗೋಬ್ಯಾಡ್ರಿ. ಉಳಿದದ್ದನ್ನ ಇಟ್ಟುಕೊಂಡು ಮುಂದ ನುಂಗಬ್ಯಾಡ್ರಿ, ಮಂದಿಗೆ ಕೊಡಬ್ಯಾಡ್ರಿ. ಸಾದಾ ನೆಗಡಿಗೆ ಈ ಗುಳಿಗಿ ಬೇಕಿಲ್ಲ." ಅಕ್ಷರ ಸಣ್ಣವಾದವು, ಗೋಡೆ ಸಂತೆಯ ಹಾಗೆ ಕಂಡಿತು. ಆದರೂ ಬರೆದೆ.

ಯಾರೋ ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಹರಿಯಬಿಟ್ಟರು. ಸುತ್ತಾಡಿ ಸಾಹೇಬರ ಫೋನಿಗೂ ಬಂತು. ಕರೆಸಿದರು.

"ಯಾರನ್ನ ಕೇಳಿ ಬರದ್ರಿ ಇದನ್ನ?"

ಅಕ್ಕನ ಕತೆ, ಗೈಡ್ ಅವರ ಕತೆ ಎರಡನ್ನೂ ಹೇಳಿದೆ. ಅವರು ಪೂರ್ತಿ ಕೇಳಿದರು. ಫೋನಿನಲ್ಲಿ ಗೋಡೆಯನ್ನು ದೊಡ್ಡದು ಮಾಡಿ ಮತ್ತೊಮ್ಮೆ ಓದಿದರು. "ನಮ್ಮ ಅವ್ವಾರೂ ಹಿಂಗs ಮಾಡ್ತಾರ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ನನಗೆ ಆಸೆ ಹುಟ್ಟಿತು.

"ಹಂಗಾದ್ರ ಇದನ್ನs ಇಡೂಣೇನ್ರಿ?"

"ಇದು ಚಲೋ ಐತಿ. ಆದ್ರ ಮಂಜೂರಾಗಿಲ್ಲ. ಅಳಸಿ ಮೊದಲಿನದು ಬರೀರಿ. ನಾ ಮ್ಯಾಲೆ ಪತ್ರ ಬರೀತೇನಿ."

ಅಳಿಸಿದೆ. ನನ್ನ ಕೈಯಿಂದಲೇ ಸುಣ್ಣ ಬಳಿದು, ಮೊದಲಿನದನ್ನೇ ಬರೆದೆ. ಅವರು ಪತ್ರ ಬರೆದದ್ದು ನಿಜ, ಪ್ರತಿಯನ್ನು ನನಗೆ ತೋರಿಸಿದರು. ಉತ್ತರ ಈವರೆಗೆ ಬಂದಿಲ್ಲ. ಐಹೊಳೆಯ ಗೋಡೆಯಲ್ಲಿ ಈಗ 'ವಿವೇಚನಾಯುಕ್ತ' ಎಂಬ ಶಬ್ದ ದುಂಡಗೆ, ನೆಟ್ಟಗೆ, ಬಹಳ ಚೆನ್ನಾಗಿ ಕಾಣುತ್ತದೆ.

ಹೋದ ತಿಂಗಳು ಅಕ್ಕ ತಾನಾಗಿಯೇ ಫೋನ್ ಮಾಡಿದಳು. "ಸ್ವಲ್ಪ ಉರಿ ಐತಿ. ಗುಳಿಗಿ ಏನೂ ತಗೊಂಡಿಲ್ಲ. ಮೊದಲ ಪರೀಕ್ಷೆ ಮಾಡಿಸೂಣ ಬಾ," ಎಂದಳು. ಇಷ್ಟು ಕೇಳಿಯೇ ನನಗೆ ಅರ್ಧ ಸಮಾಧಾನವಾಯಿತು. ಇಳಕಲ್‌ನಲ್ಲಿ ಹೆಣ್ಣು ಡಾಕ್ಟರೊಬ್ಬರಿಗೆ ತೋರಿಸಿ, ಅವರು ಬರೆದುಕೊಟ್ಟ ಪರೀಕ್ಷೆಗೆ ಲ್ಯಾಬಿಗೆ ಹೋದೆವು. ಸರದಿ ಉದ್ದವಿತ್ತು. ಅಕ್ಕ ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳ ಜೊತೆ ಮಾತಿಗೆ ತೊಡಗಿದಳು. ಅವಳಿಗೂ ಅದೇ ತೊಂದರೆ.

"ನನ್ನವು ಸಾದಾ ಕ್ರಿಮಿ ಅಲ್ಲವ್ವಾ," ಎಂದು ಅಕ್ಕ ಹೇಳುತ್ತಿದ್ದಳು, ದನಿಯಲ್ಲಿ ಒಂದು ಬಗೆಯ ಹೆಮ್ಮೆ. "ಭಾಳ ಶಾಣ್ಯಾ ಅದಾವ. ಬಾಗಲಕೋಟಿ ದವಾಖಾನ್ಯಾಗ ಎಲ್ಲಾ ಗುಳಿಗಿ ಸೋತು ಕಡೀಕ ಎರಡs ಇಂಜೆಕ್ಷನ್ ಉಳದಿದ್ದು."

ಆ ಹೆಣ್ಣುಮಗಳು ಕಣ್ಣು ಅರಳಿಸಿ ಕೇಳಿ, ಚೀಲದಿಂದ ಪೆನ್ನು ತೆಗೆದಳು. "ಹಂಗಾದ್ರ ಆ ಇಂಜೆಕ್ಷನ್ ಹೆಸರ ಹೇಳ್ರಿ ಅಕ್ಕಾರ. ಸುಮ್ನ ಸಣ್ಣ ಗುಳಿಗಿ ನುಂಗೂದ್ಯಾಕ, ನಾನೂ ನೇರ ಅದನ್ನs ಮಾಡಿಸ್ಕೋತೇನಿ."

ಅಕ್ಕ ಹೆಸರು ನೆನಪಿಸಿಕೊಳ್ಳಲು ನನ್ನ ಕಡೆ ತಿರುಗಿದಳು. ನಾನು ಕುರ್ಚಿಯನ್ನು ಅವರಿಬ್ಬರ ಎದುರಿಗೆ ಎಳೆದುಕೊಂಡು ಕೂತೆ. "ಪೆನ್ನು ಒಳಗ ಇಡವಾ ತಂಗಿ," ಎಂದು, ಮೊದಲಿನಿಂದ ಹೇಳತೊಡಗಿದೆ.